ಮನೆಯ ಲೆಕ್ಕ: ಹೆಚ್ಚು ಓಡಿದ ಕಾರು ಕೊಳ್ಳಬಹುದೆ?



ನಮ್ಮ ಹುಪರಿಯಲ್ಲಿ ಬೆಳ್ಳಿಯ ಬಗ್ಗೆ ಯಾರೂ ಯಾರಿಗೂ ಪಾಠ ಹೇಳಬೇಕಾಗಿಲ್ಲ. ಗೆಜ್ಜೆಯೋ ಪೈಂಜಣವೋ ಕೈಗೆ ಬಂದರೆ ಮೊದಲು ಕೇಳುವ ಮಾತು ತಂಚ ಎಷ್ಟು ಎಂಬುದು. ಹೊಳಪಿನ ಮಾತು ಆಮೇಲೆ. ಆದರೆ ಅದೇ ನಾವು ಹಳೆಯ ಕಾರು ಕೊಳ್ಳಲು ಹೊರಟಾಗ ಈ ಬುದ್ಧಿಯನ್ನು ಅಂಗಡಿಯಲ್ಲೇ ಬಿಟ್ಟು ಹೋಗುತ್ತೇವೆ. ನಮ್ಮ ಮನೆಯಲ್ಲೇ ಹಾಗಾಗುವುದರಲ್ಲಿತ್ತು. ಆ ಕಥೆಯನ್ನು ಈ ತಿಂಗಳು ಓದುಗರ ಮುಂದಿಡುತ್ತಿದ್ದೇವೆ.

2025ರ ದೀಪಾವಳಿಯ ಹೊತ್ತಿಗೆ ಅವ್ವನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಬೇಕೆಂದು ಡಾಕ್ಟರು ಹೇಳಿದರು. ಮನೆಯಲ್ಲಿದ್ದ 2012ರ ಸಣ್ಣ ಕಾರು ದಾರಿಯಲ್ಲಿ ಎರಡು ಸಲ ಕೈಕೊಟ್ಟಿತ್ತು. ಚಿಕಿತ್ಸೆ ಮುಗಿಸಿ ಸುಸ್ತಾದ ಅವ್ವನನ್ನು ಕೊಲ್ಹಾಪುರದ ರಸ್ತೆಯ ಪಕ್ಕದಲ್ಲಿ ಒಂದು ತಾಸು ಕೂರಿಸಿಕೊಂಡು ನಿಂತ ದಿನವೇ ಬೇರೆ ಗಾಡಿ ತರಲೇಬೇಕೆಂದು ನಿಶ್ಚಯವಾಯಿತು.

ಹೊಸದನ್ನೇ ತರೋಣವೆಂದರೆ ಎಂಟೂವರೆ ಲಕ್ಷ. ಆ ವರ್ಷ ಬೆಳ್ಳಿಯ ದರ ಕಿಲೋಗೆ ಲಕ್ಷ ರೂಪಾಯಿ ದಾಟಿ ಏರುತ್ತಲೇ ಇತ್ತು. ಮೊದಲಿನಷ್ಟೇ ಮಾಲು ಇಟ್ಟುಕೊಳ್ಳಲು ಹೆಚ್ಚು ಬಂಡವಾಳ ಬೇಕು. ಅಂಥ ಸಮಯದಲ್ಲಿ ದುಡಿಯುವ ಹಣವನ್ನು ತೆಗೆದು ಬಾಗಿಲ ಮುಂದೆ ನಿಲ್ಲಿಸುವುದು ಹೇಗೆ? ಹೀಗಾಗಿ ಹಳೆಯ ಕಾರು ಹುಡುಕಿದೆವು. ಎರಡು ಕಣ್ಣಿಗೆ ಬಿದ್ದವು.

ಎರಡೂ 2016ರ ಡೀಸೆಲ್ ಗಾಡಿಗಳು, ಒಂದೇ ಮಾದರಿ. ಮೊದಲನೆಯದರ ಮೀಟರ್ 1,62,000 ಕಿಲೋಮೀಟರ್ ತೋರಿಸುತ್ತಿತ್ತು, ಬೆಲೆ 3,70,000. ಎರಡನೆಯದರ ಮೀಟರ್ ಬರೀ 58,000, ಬೆಲೆ 4,60,000. ತಮ್ಮ, ವೈನಿ, ಮಕ್ಕಳು, ಎಲ್ಲರ ಮನಸ್ಸೂ ಎರಡನೆಯದರ ಮೇಲೆ. ನಮ್ಮದೂ ಅದೇ. ಕಾಕಾ ಮಾತ್ರ ಒಪ್ಪಲಿಲ್ಲ. "ನಾವು ಹಳೇ ಮಾಲ್ ತಗೋಳಾಗ ಕರಗಿಸಿ ನೋಡ್ತೀವು. ಗಾಡಿ ಕರಗಸಾಕ ಬರಂಗಿಲ್ಲ, ಖರೆ. ಆದರ ಅದರ ಹೊಟ್ಟ್ಯಾಗ ಏನೈತಿ ಅಂತ ನೋಡಾಕ ಬರ್ತೈತಲ್ಲ" ಎಂದರು.

ಪರಿಚಯದ ಮಿಸ್ತ್ರಿಯನ್ನು ಕರೆದುಕೊಂಡು ಹೋದೆವು. 58,000ದ ಗಾಡಿಯಲ್ಲಿ ಕ್ಲಚ್ ಮತ್ತು ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿತ್ತು; ಸ್ಟಿಯರಿಂಗಿನ ಮೇಲ್ಮೈಯೂ ಹಾಗೆಯೇ. ಬಾನೆಟ್ಟಿನ ಒಳಗೆ ಅಂಟಿಸಿದ್ದ ಆಯಿಲ್ ಬದಲಿಸಿದ ಚೀಟಿಯಲ್ಲಿ 1,10,000 ಎಂದು ಬರೆದಿತ್ತು! ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಕೆಳತುದಿಯಲ್ಲಿ ಕೆಸರಿನ ಗೆರೆ. ನೆಲಹಾಸಿನ ಕೆಳಗೆ ಒಣಗಿದ ಮಣ್ಣು, ಸೀಟಿನ ಬೋಲ್ಟುಗಳಿಗೆ ತುಕ್ಕು. 2019ರ ಆಗಸ್ಟಿನಲ್ಲಿ ಮತ್ತು 2021ರ ಜುಲೈನಲ್ಲಿ ಪಂಚಗಂಗೆ ಉಕ್ಕಿ ಬಂದದ್ದನ್ನು ನಮ್ಮ ಭಾಗದವರು ಮರೆಯುವಂತಿಲ್ಲ. ನೀರಿನಲ್ಲಿ ನಿಂತ ಗಾಡಿಯ ವೈರಿಂಗ್ ವರ್ಷಗಳ ನಂತರವೂ ಕಾಡುತ್ತದೆ. ಅಲ್ಲಿಂದ ಸುಮ್ಮನೆ ಹಿಂದಿರುಗಿದೆವು.

1,62,000ದ ಗಾಡಿ ಒಬ್ಬ ಬಟ್ಟೆ ವ್ಯಾಪಾರಿಯದು. ಇಚಲಕರಂಜಿಯಿಂದ ಬೆಳಗಾವಿ, ಹುಬ್ಬಳ್ಳಿಗೆ ಹೆದ್ದಾರಿಯಲ್ಲೇ ಓಡಿದ್ದು. ಒಂಬತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 18,000 ಕಿಲೋಮೀಟರ್. ಬಿಸಿಯಾದ ಎಂಜಿನ್ ಒಂದೇ ವೇಗದಲ್ಲಿ ದೂರ ಓಡಿದರೆ ಆಗುವ ಸವಕಳಿ ಕಡಿಮೆ; ದಿನಕ್ಕೆ ಹತ್ತು ಸಲ ತಣ್ಣಗಿರುವಾಗ ಚಾಲೂ ಮಾಡಿ ಪೇಟೆಯಲ್ಲಿ ಎಳೆದಾಡಿದರೆ ಹೆಚ್ಚು. ಪ್ರತಿ ಸರ್ವಿಸಿನ ಬಿಲ್ಲೂ ಅವರ ಬಳಿ ಕ್ರಮವಾಗಿ ಇತ್ತು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಿದೆವು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ, ಬರಲಿಲ್ಲ. ಆಯಿಲಿನ ಮುಚ್ಚಳ ತೆಗೆದರೆ ಒಳಗೆ ಹಾಲಿನಂಥ ನೊರೆ ಇರಲಿಲ್ಲ. ಇದ್ದಿದ್ದರೆ ಆಯಿಲಿಗೆ ನೀರು ಸೇರಿರುವ ಶಂಕೆ ಬರುತ್ತಿತ್ತು. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿ 1823, ಅಂದರೆ 2023ರ 18ನೆಯ ವಾರದಲ್ಲಿ ತಯಾರಾದದ್ದು. ಏರಿನಲ್ಲಿ ಮಾತ್ರ ಕ್ಲಚ್ ಸ್ವಲ್ಪ ಜಾರುತ್ತಿತ್ತು. "ಮೂರ್ನಾಲ್ಕ ತಿಂಗಳದಾಗ ಇದನ್ನ ಹಾಕಸಬೇಕಾಗತೈತಿ" ಎಂದು ಮಿಸ್ತ್ರಿ ಹೇಳಿದ. ಮಾರುವವರೂ ಹೌದೆಂದು ಒಪ್ಪಿಕೊಂಡರು. ಆ ಒಪ್ಪಿಗೆಯೇ ನಮಗೆ ಹೆಚ್ಚು ಧೈರ್ಯ ಕೊಟ್ಟಿತು.

ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆವು. ಬೆಲೆ 3,70,000, ಹೆಸರು ಬದಲಾವಣೆ, ವಿಮೆಗೆ 20,000, ಕ್ಲಚ್, ಸಸ್ಪೆನ್ಷನ್ ಮೊದಲಾದವಕ್ಕೆ ಬೇರೆ ತೆಗೆದಿಟ್ಟದ್ದು 60,000. ಒಟ್ಟು ನಾಲ್ಕೂವರೆ ಲಕ್ಷ. ಹೊಸದಕ್ಕಿಂತ ನಾಲ್ಕು ಲಕ್ಷ ಉಳಿತಾಯ. ನಮ್ಮ ಓಡಾಟ ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಎಂದರೆ 2031ರವರೆಗೆ. ಅಷ್ಟರಲ್ಲಿ ಮೀಟರ್ ಸುಮಾರು 2,10,000ಕ್ಕೆ ಬರುತ್ತದೆ. ಚೆನ್ನಾಗಿ ನೋಡಿಕೊಂಡ ಡೀಸೆಲ್ ಎಂಜಿನ್ನಿಗೆ ಅದು ಅಸಾಧ್ಯದ ಅಂಕಿಯಲ್ಲ. ಆದರೆ ಈ ಬೇರೆ ತೆಗೆದಿಡುವ ಹಣವಿಲ್ಲದೆ ಹೆಚ್ಚು ಓಡಿದ ಗಾಡಿಗೆ ಕೈಹಾಕಬಾರದು. ಇಂಜೆಕ್ಟರ್, ಟರ್ಬೋ ಕೆಟ್ಟರೆ ಖರ್ಚು ದೊಡ್ಡದು. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿಯಿತು. ಆದ್ದರಿಂದ ಹಳೆಯ ಕಾರಿನ ಬೆಲೆಯನ್ನು ಇಳಿದ ಹೊಸ ಬೆಲೆಯೊಂದಿಗೆ ಹೋಲಿಸಬೇಕೇ ಹೊರತು ಹಿಂದಿನದರೊಂದಿಗೆ ಅಲ್ಲ.

ಕಾಗದಪತ್ರದಲ್ಲಿ ನಮ್ಮವರು ಬಹಳ ಉದಾಸೀನರು. 'ಗುರುತಿನವರಲ್ಲವೆ, ಆಮೇಲೆ ಮಾಡಿದರಾಯಿತು' ಎನ್ನುತ್ತಾರೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತವಾದರೆ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಫಾರ್ಮ್ 29 ಮತ್ತು 30 ತುಂಬಿ ಕೂಡಲೇ ಹೆಸರು ಬದಲಾಯಿಸಬೇಕು. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕೆಂಬುದು ಕಾಯಿದೆ. ವಿಮೆಯನ್ನು 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಗಾಡಿಯ ಮೇಲೆ ಬ್ಯಾಂಕಿನ ಸಾಲವಿದ್ದರೆ ಫಾರ್ಮ್ 35 ಆಗದೆ ದುಡ್ಡು ಪೂರ್ತಿ ಕೊಡಬಾರದು. ನಮ್ಮ ಗಡಿಭಾಗದಲ್ಲಿ ಚಿಕ್ಕೋಡಿ, ಬೆಳಗಾವಿಯ ಕೆಎ 23, ಕೆಎ 22 ಗಾಡಿಗಳು ಅಗ್ಗವಾಗಿ ಕಾಣುತ್ತವೆ. ಅವನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಎನ್‌ಓಸಿ ತಂದು ಮಹಾರಾಷ್ಟ್ರದ ತೆರಿಗೆ ಕಟ್ಟಿ ಇಲ್ಲಿಯ ನೋಂದಣಿ ಮಾಡಿಸಬೇಕು. ಆ ಖರ್ಚು ಕೂಡಿಸಿ ನೋಡಿದ ಮೇಲೆ ಅಗ್ಗವೋ ತುಟ್ಟಿಯೋ ತಿಳಿಯುತ್ತದೆ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ನಾವು ಬರೆಯುತ್ತಿರಲಿಲ್ಲವೇನೋ. ಮನೆಯ ಹಳೆಯ ಕಾರನ್ನು ಮಾರಬೇಕಾಗಿತ್ತು. ಅದರ ಮೀಟರ್ 1,34,000. ನೋಡಲು ಬಂದ ದಲಾಲಿ ನಗುತ್ತ, "ಇದನ್ನ ಎಪ್ಪತ್ತಕ್ಕ ತರ್ತೀನಿ, ನಲವತ್ತ ಸಾವಿರ ಹೆಚ್ಚ ಬರ್ತಾವು, ಎಲ್ಲಾರೂ ಮಾಡತಾರ" ಎಂದ. ಸುಳ್ಳು ಹೇಳಲಾರೆವು, ಒಂದು ಕ್ಷಣ ನಾವು ಸುಮ್ಮನಿದ್ದೆವು. ಡಯಾಲಿಸಿಸಿನ ಖರ್ಚು ಕಣ್ಮುಂದೆ ಇತ್ತು. ಕಾಕಾ ಒಳಗಿನಿಂದಲೇ, "ಅರವತ್ತರ ಮಾಲಿನ ಮ್ಯಾಲ ಎಂಬತ್ತರ ತಂಚ ಬರದಂಗ ಆತಲ್ಲಪಾ ಅದು" ಎಂದರು. ಹಗುರ ತೂಕದಿಂದ ಕೊಟ್ಟು ಭಾರದ ತೂಕದಿಂದ ಕೊಳ್ಳುವುದನ್ನು ಅಚೌರ್ಯವ್ರತದ ಅತಿಚಾರವೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. ಮೀಟರೂ ಒಂದು ತಕ್ಕಡಿಯೇ. ವಾರದ ಹಿಂದೆ ಇನ್ನೊಬ್ಬರ ತಕ್ಕಡಿಯನ್ನು ಬೈದು ಬಂದವರು ನಾವು!

ಕಾರು ಇದ್ದ ಅಂಕಿಯಲ್ಲೇ, ದಾರಿಯಲ್ಲಿ ಎರಡು ಸಲ ನಿಂತದ್ದನ್ನೂ ಹೇಳಿ, ಕಡಿಮೆ ಬೆಲೆಗೆ ಮಾರಿದೆವು. ಕೊಂಡವನು ಗ್ಯಾರೇಜು ಇಟ್ಟುಕೊಂಡಿರುವ ಯುವಕ, ತಾನೇ ಸರಿಮಾಡಿಕೊಂಡಿದ್ದಾನೆ.

ತಂದ ಗಾಡಿಯ ಕ್ಲಚ್ ಮಿಸ್ತ್ರಿ ಹೇಳಿದಂತೆ ಮೂರನೆಯ ತಿಂಗಳಿಗೆ ಹೋಯಿತು. ತೆಗೆದಿಟ್ಟ ಹಣದಲ್ಲೇ ಹಾಕಿಸಿದೆವು. ಯಾರ ಮುಖವೂ ಸಪ್ಪಗಾಗಲಿಲ್ಲ. ಅವ್ವ ಈಗ ಹಿಂದಿನ ಸೀಟಿನಲ್ಲಿ ಒರಗಿ ನಿದ್ದೆ ಮಾಡುತ್ತ ಊರು ಸೇರುತ್ತಾಳೆ.

ಆದ್ದರಿಂದ ಬಂಧುಗಳೇ, ಹೆಚ್ಚು ಓಡಿದ್ದು ಗಾಡಿಯ ದೋಷವಲ್ಲ. ಓಡಿದ್ದನ್ನು ಮುಚ್ಚಿಡುವುದು ದೋಷ. ಬಿಲ್ಲು ಇಲ್ಲದ, ಮಿಸ್ತ್ರಿಗೆ ತೋರಿಸಲು ಒಪ್ಪದ, ನೋಂದಣಿಗೆ ಎರಡು-ಮೂರು ವರ್ಷವಷ್ಟೇ ಉಳಿದ ಗಾಡಿ ಎಷ್ಟೇ ಅಗ್ಗವಿದ್ದರೂ ಬೇಡ. ಕೊಳ್ಳುವಾಗ ಒರೆಗಲ್ಲು ಜೊತೆಗಿರಲಿ. ಮಾರುವಾಗಲೂ ಅದೇ ಕಲ್ಲು ಇರಲಿ.