‘ಸೋರಿಕೆ ಇಲ್ಲ ಎಂದು ಭಾವಿಸಿ’ ಅಂತ ಬರೆಯುವ ಮುಂಚೆ

ಥರ್ಮೋಡೈನಮಿಕ್ಸ್ ಪರೀಕ್ಷೆ ಬರೆದವರಿಗೆಲ್ಲ ಈ ಸಾಲು ಬಾಯಿಪಾಠ. ಲೆಕ್ಕದ ಮೊದಲ ಸಾಲಲ್ಲೇ ‘ಪಿಸ್ಟನ್ ಮತ್ತು ಸಿಲಿಂಡರ್ ನಡುವೆ ಸೋರಿಕೆ ಇಲ್ಲ, ಘರ್ಷಣೆ ಇಲ್ಲ ಎಂದು ಭಾವಿಸಿ’ ಅಂತ ಬರೆದುಬಿಟ್ರೆ ಮುಂದಿನದು ಸಲೀಸು. ನಾನೂ ನಾಲ್ಕು ಸೆಮಿಸ್ಟರ್ ಹಾಗೇ ಭಾವಿಸಿಕೊಂಡು ಪಾಸಾದೆ. ಹೋದ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಆ ಭಾವನೆಗೆ ಪೆಟ್ಟು ಬಿತ್ತು.

ನಮ್ಮೂರು ಶಹಾಪುರ ತಾಲ್ಲೂಕು. ಮನೆ ಹತ್ತಿರ ಒಂದು ಬೋರಿಂಗ್ ಇದೆ, ಅಂದ್ರೆ ಕೈಪಂಪು. ಕರೆಂಟ್ ಇದ್ದು ನಲ್ಲಿಯಲ್ಲಿ ನೀರು ಬಂದ್ರೆ ಅದರ ಕಡೆ ಯಾರೂ ತಿರುಗಿ ನೋಡಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಕೊಡಗಳ ಸಾಲು ನಿಲ್ಲುತ್ತೆ. ನಮ್ಮ ಆಯಿ ಒಂದು ಕೊಡ ತುಂಬಿಸೋಕೆ ಎರಡು ಸಲ ನಿಂತು ಸುಧಾರಿಸ್ಕೊಳ್ತಿದ್ದಳು. ರಿಪೇರಿಗೆ ಬಂದ ಕಾಕಾ ನನ್ನನ್ನ ನೋಡಿ, “ತಮ್ಮಾ, ನೀ ಇಂಜಿನಿಯರ್ ಓದ್ಲಕತ್ತಿ ಅಂತಲ್ಲ? ಇದ್ಯಾಕ ನೀರ್ ಕಮ್ಮಿ ಕೊಡ್ಲಕತ್ತದ, ಹೇಳ್ ನೋಡಮ” ಅಂದರು. ನಾನು ‘ಗ್ರೌಂಡ್‌ವಾಟರ್ ಲೆವೆಲ್ ಇಳಿದಿರಬೇಕು’ ಅಂದೆ. ಅವರು ನಕ್ಕು, “ನೀರ್ ಅದ. ವಾಯ್ಸರ್ ಸವದದ” ಅಂದರು.

ವಾಯ್ಸರ್ ಅಂದ್ರೆ ವಾಷರ್. ಪಿಸ್ಟನ್ ಸುತ್ತ ಇರೋ, ಅಂಗೈಯಲ್ಲಿ ಹಿಡಿಸೋ ಒಂದು ಬಟ್ಟಲು. ಮೊದಲು ಚರ್ಮದ್ದಿತ್ತು, ಈಗ ನೈಟ್ರೈಲ್ ರಬ್ಬರಿನದು. ನಾನು ‘ಇಲ್ಲ ಎಂದು ಭಾವಿಸಿದ್ದ’ ಸೋರಿಕೆ ಅಲ್ಲೇ ಇತ್ತು.

ಕಾಲೇಜಿಗೆ ವಾಪಸ್ ಬಂದು ಸ್ಟೀಮ್ ಎಂಜಿನ್ ಪಾಠವನ್ನ ಮತ್ತೆ ಓದಿದೆ, ಈ ಸಲ ಸೋರಿಕೆ ಎಲ್ಲಿದೆ ಅಂತ ಹುಡುಕ್ತಾ. ಆಗ ಅನಿಸಿದ್ದು: ಸ್ಟೀಮ್ ಎಂಜಿನ್ನಿನ ಇತಿಹಾಸದ ಅರ್ಧ ಭಾಗ ಪಿಸ್ಟನ್ ಪಕ್ಕದ ಸಂದಿ ಮುಚ್ಚೋ ಇತಿಹಾಸ. ನಮಗೆ ಹೇಳಿಕೊಡೋದು ಇನ್ನರ್ಧ ಮಾತ್ರ.

1712ರಲ್ಲಿ ನ್ಯೂಕೋಮನ್ ಎಂಜಿನ್ ಕಟ್ಟಿದಾಗ ನೆಟ್ಟಗೆ ದುಂಡಗಿರೋ ದೊಡ್ಡ ಸಿಲಿಂಡರ್ ಮಾಡೋದು ಯಾರಿಗೂ ಬರ್ತಿರಲಿಲ್ಲ. ಅವನು ಪಿಸ್ಟನ್ ಅಂಚಿಗೆ ಚರ್ಮ ಕೊಟ್ಟು, ಮೇಲೆ ಒಂದಷ್ಟು ನೀರು ನಿಲ್ಲಿಸಿದ. ಗಾಳಿ ಒಳಗೆ ನುಗ್ಗೋ ಜಾಗವನ್ನ ಆ ನೀರು ಮುಚ್ಚುತ್ತಿತ್ತು. ಸಿಲಿಂಡರ್ ಒಳಗೇ ತಣ್ಣೀರು ಚಿಮ್ಮಿಸಿ ಆವಿ ತಣಿಸೋ ಎಂಜಿನ್ ಆದ್ದರಿಂದ ಸ್ವಲ್ಪ ನೀರು ಕೆಳಗೆ ಸೋರಿದ್ರೂ ನಡೀತಿತ್ತು. ಅಂದ್ರೆ ಜಗತ್ತನ್ನ ಬದಲಿಸಿದ ಯಂತ್ರದ ಮೊದಲ ಸೀಲ್ ನಿಂತಿದ್ದು ಚರ್ಮ ಹದ ಮಾಡೋರ ಕೈಗುಣದ ಮೇಲೆ. ನಮ್ಮ ಪಠ್ಯದಲ್ಲಿ ಅವರ ಸುದ್ದಿಯೇ ಇಲ್ಲ.

ಆಮೇಲೆ ಜೇಮ್ಸ್ ವ್ಯಾಟ್. ಕಂಡೆನ್ಸರ್ ಬೇರೆ ಇಟ್ಟು ಸಿಲಿಂಡರನ್ನ ಯಾವಾಗಲೂ ಬಿಸಿಯಾಗಿಡಬೇಕು ಅನ್ನೋ ಯೋಚನೆ ಅವನಿಗೆ ಹೊಳೆದದ್ದು 1765ರಲ್ಲಿ, ಪೇಟೆಂಟ್ ಸಿಕ್ಕಿದ್ದು 1769ರಲ್ಲಿ. ಆದ್ರೆ ಬಿಸಿ ಸಿಲಿಂಡರಿನ ಮೇಲೆ ನೀರು ನಿಲ್ಲಿಸೋ ಹಾಗಿಲ್ಲ. ಸೋರಿದ ನೀರು ಕುದ್ದು ಆವಿಯಾಗುತ್ತೆ, ಸಿಲಿಂಡರನ್ನೂ ತಣ್ಣಗೆ ಮಾಡುತ್ತೆ. ಉಳಿಸಬೇಕು ಅಂದುಕೊಂಡ ಶಾಖ ಅಲ್ಲೇ ಹೋಯ್ತು. ಸೆಣಬಿನಂಥ ನಾರು, ಕೊಬ್ಬು ಎಲ್ಲಾ ತುರುಕಿ ನೋಡಿದ. ಸಿಲಿಂಡರೇ ಸೊಟ್ಟಗಿದ್ರೆ ನಾರಾದ್ರೂ ಏನು ಮಾಡೀತು? ಅವನ ಯೋಚನೆ ಕಾರ್ಖಾನೆಯಲ್ಲಿ ಓಡೋ ಎಂಜಿನ್ ಆಗಿದ್ದು 1776ರಲ್ಲಿ. ಈ ಹನ್ನೊಂದು ವರ್ಷಕ್ಕೆ ಹಣದ ತೊಂದರೆಯೂ ಕಾರಣ, ನಿಜ. ಆದ್ರೆ ದಾರಿ ತೆರೆದದ್ದು ಫಿರಂಗಿ ಕೊರೆಯೋ ಜಾನ್ ವಿಲ್ಕಿನ್ಸನ್. ಎರಡೂ ತುದಿಯಲ್ಲಿ ಆಧಾರ ಇರೋ ಬೋರಿಂಗ್ ಬಾರ್ ಹಾಕಿ ಅವನು ಸಿಲಿಂಡರ್ ಕೊರೆದ. 72 ಇಂಚಿನ ಸಿಲಿಂಡರಿನಲ್ಲೂ ತಪ್ಪು ಒಂದು ತೆಳು ಆರು ಪೆನ್ಸ್ ನಾಣ್ಯದ ದಪ್ಪ ಮೀರಲ್ಲ ಅಂತ ವ್ಯಾಟ್ ಹೆಮ್ಮೆಯಿಂದ ಸ್ಮೀಟನ್‌ಗೆ ಬರೆದಿದ್ದ. ಇವತ್ತಿನ ಲೆಕ್ಕದಲ್ಲಿ ಹೆಚ್ಚು ಕಮ್ಮಿ ಒಂದು ಮಿಲಿಮೀಟರ್. ನಮ್ಮ ಬೈಕ್ ಮೆಕ್ಯಾನಿಕ್‌ಗೆ ಹೇಳಿದ್ರೆ ನಗ್ತಾನೆ. ಆ ಕಾಲಕ್ಕೆ ಅದೇ ಪವಾಡ.

ಒತ್ತಡ, ವೇಗ ಎರಡೂ ಹೆಚ್ಚಾದಂತೆ ನಾರಿನ ಕಾಲ ಮುಗೀತು. 1854ರಲ್ಲಿ ಜಾನ್ ರಾಮ್ಸ್‌ಬಾಟಮ್ ಅನ್ನೋ ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ತುಂಬ ಸರಳ ಉಪಾಯ ತೋರಿಸಿದ. ಪಿಸ್ಟನ್ ಮೇಲೆ ತೆಳ್ಳಗಿನ ಕಚ್ಚು ಕೊರೆದು, ಸಿಲಿಂಡರಿಗಿಂತ ಸುಮಾರು ಶೇ. 10ರಷ್ಟು ದೊಡ್ಡದಾದ, ಒಂದು ಕಡೆ ಸೀಳಿದ ಲೋಹದ ಉಂಗುರ ಕೂರಿಸಿದ. ಉಂಗುರ ತಾನೇ ಅರಳೋಕೆ ನೋಡುತ್ತೆ, ಗೋಡೆಗೆ ಒತ್ತಿಕೊಳ್ಳುತ್ತೆ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ವಿಷಯ. ಪಕ್ಕದಿಂದ ನುಸುಳೋ ಆವಿ ಕಚ್ಚಿನೊಳಗೆ ಉಂಗುರದ ಬೆನ್ನ ಹಿಂದೆ ಸೇರಿ ಅದನ್ನ ಇನ್ನೂ ಗಟ್ಟಿಯಾಗಿ ಗೋಡೆಗೆ ತಳ್ಳುತ್ತೆ. ಒತ್ತಡ ಜಾಸ್ತಿಯಾದಷ್ಟೂ ಸೀಲ್ ಗಟ್ಟಿ. ತಪ್ಪಿಸಿಕೊಳ್ಳೋಕೆ ಬಂದ ಕಳ್ಳನ ಕೈಯಿಂದಲೇ ಬಾಗಿಲು ಹಾಕಿಸಿದಂಗೆ. ನಿಮ್ಮ ಬೈಕಿನ ಪಿಸ್ಟನ್ ರಿಂಗ್ ಇವತ್ತಿಗೂ ಇದೇ ತತ್ವದ ಮೇಲೆ ನಿಂತಿದೆ.

1871ರಲ್ಲಿ ಮುಂಬೈ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ರೈಲ್ವೆ ರಾಯಚೂರಿನಲ್ಲಿ ಕೂಡಿದವು. ಆ ಹಳಿ ಯಾದಗಿರಿ ಮೇಲೇ ಹಾದುಹೋಗುತ್ತೆ. ನೂರು ವರ್ಷಕ್ಕೂ ಹೆಚ್ಚು ಕಾಲ ಯಾದಗಿರಿ ಸ್ಟೇಷನ್ನಿನಲ್ಲಿ ಹೊಗೆ ಬಿಟ್ಟ ಎಂಜಿನ್‌ಗಳ ಹೊಟ್ಟೆಯಲ್ಲೂ ಇದೇ ಪಿಸ್ಟನ್ ಸೀಲಿನ ಕೆಲಸ ನಡೀತಿತ್ತು. ಸ್ವಾತಂತ್ರ್ಯದ ನಂತರ ಭಾರತದ ಪ್ಯಾಸೆಂಜರ್ ಗಾಡಿಗಳನ್ನ ಎಳೆದ ಡಬ್ಲ್ಯೂಪಿ ಎಂಜಿನ್ ತಗೊಳ್ಳಿ: ಸಿಲಿಂಡರ್ ವ್ಯಾಸ 20¼ ಇಂಚು, ಬಾಯ್ಲರ್ ಒತ್ತಡ ಚದರ ಇಂಚಿಗೆ 210 ಪೌಂಡ್. ಗುಣಿಸಿ ನೋಡಿ, ಪಿಸ್ಟನ್ ಮೇಲೆ ಬೀಳೋ ಗರಿಷ್ಠ ಬಲ ಸುಮಾರು 30 ಟನ್. ಅಷ್ಟು ಬಲವನ್ನ ಪಕ್ಕಕ್ಕೆ ಜಾರದಂತೆ ಹಿಡಿದದ್ದು ಬೆರಳಷ್ಟು ಅಗಲವೂ ಇಲ್ಲದ ಉಂಗುರಗಳು.

ಈಗ ನಮ್ಮೂರ ಬೋರಿಂಗಿಗೆ ಬನ್ನಿ. ಇಂಡಿಯಾ ಮಾರ್ಕ್-2 ಪಂಪಿನ ಸಿಲಿಂಡರ್ ವ್ಯಾಸ 63.5 ಮಿ.ಮೀ., ಹೊಡೆತ 125 ಮಿ.ಮೀ. ಒಂದು ಹೊಡೆತಕ್ಕೆ ಲೆಕ್ಕದ ಪ್ರಕಾರ 0.4 ಲೀಟರ್, 40 ಹೊಡೆತಕ್ಕೆ ಹತ್ತಿರ ಹತ್ತಿರ 16 ಲೀಟರ್. ಸಿಲಿಂಡರ್ ಮೇಲೆ 30 ಮೀಟರ್ ನೀರಿದ್ರೆ ಪಿಸ್ಟನ್ ಎತ್ತೋ ನೀರಿನ ಭಾರ ಸುಮಾರು 95 ಕೆ.ಜಿ. ಆ ನೀರೇ ವಾಷರಿನ ಬಟ್ಟಲನ್ನ ಒಳಗಿಂದ ಅರಳಿಸಿ ಗೋಡೆಗೆ ಒತ್ತುತ್ತೆ. ರಾಮ್ಸ್‌ಬಾಟಮ್ ಉಂಗುರದ ಹಿಂದಿನ ಆವಿ ಮಾಡೋ ಕೆಲಸವೇ ಇದು. ನಾನು ಬಕೆಟ್ ಇಟ್ಟು, ಪೂರ್ತಿ ಹೊಡೆತ ಹೊಡೆದು ಎಣಿಸಿದೆ. 40ಕ್ಕೆ 9 ಲೀಟರ್ ಬಂತು. ಉಳಿದ 7 ಲೀಟರ್ ಎತ್ತೋಕೆ ಹೋಗಿ ಸೋರಿದ್ದು. ಆಯಿಯ ರಟ್ಟೆಯ ಶಕ್ತಿ ಅದು. ಅದನ್ನ ನಾನು ಹೇಗೆ ‘ಇಲ್ಲ ಎಂದು ಭಾವಿಸಲಿ’?

ಇನ್ನೊಂದು ಪಾಠವನ್ನೂ ಕಾಕಾ ಕಲಿಸಿದರು. ಮಾರ್ಕ್-2ರಲ್ಲಿ ಈ ಪುಟ್ಟ ವಾಷರ್ ಬದಲಿಸಬೇಕಂದ್ರೆ ಮೂರು ಮೂರು ಮೀಟರಿನ ಪೈಪುಗಳನ್ನ ಒಂದೊಂದಾಗಿ ಮೇಲಕ್ಕೆತ್ತಬೇಕು. 30 ಮೀಟರಿಗೆ ಹತ್ತು ಪೈಪು, ನಾಲ್ಕು ಜನ, ಕ್ಲ್ಯಾಂಪು, ಪಾನಾ, ಅರ್ಧ ದಿನ. ಅದಕ್ಕೇ ಜನ ‘ಇನ್ನೂ ಸ್ವಲ್ಪ ದಿನ ನಡೀಲಿ’ ಅಂತ ಬಿಡ್ತಾರೆ. ಮಾರ್ಕ್-3ರಲ್ಲಿ ಪೈಪನ್ನೇ ಅಗಲ ಮಾಡಿದ್ದಾರೆ, ಪಿಸ್ಟನ್ ಅದರೊಳಗಿಂದಲೇ ಮೇಲೆ ಬರುತ್ತೆ. ಸವೆಯದ ಸೀಲ್ ಇಲ್ಲ, ಹಾಗಾಗಿ ಅದನ್ನ ಎಷ್ಟು ಸುಲಭವಾಗಿ ಬದಲಿಸಬಹುದು ಅನ್ನೋದೂ ಡಿಸೈನೇ. ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಇದಕ್ಕೆ ಎಷ್ಟು ಮಾರ್ಕ್ಸ್?

‘ಸ್ಟೀಮ್ ಎಂಜಿನ್ ಹೋಯ್ತು, ಕೈಪಂಪೂ ಹೋಗುತ್ತೆ, ಈಗೆಲ್ಲ ಸಬ್‌ಮರ್ಸಿಬಲ್’ ಅಂತ ಗೆಳೆಯರು ವಾದ ಮಾಡ್ತಾರೆ. ಸರಿ. ಸಬ್‌ಮರ್ಸಿಬಲ್ ಮೋಟಾರ್ ಸುಟ್ಟಾಗ ಬಿಚ್ಚಿ ನೋಡಿದ್ದೀರಾ? ಎಷ್ಟೋ ಸಲ ಸೀಲ್ ಹೋಗಿ ನೀರು ಒಳಗೆ ನುಗ್ಗಿರುತ್ತೆ. ಗದ್ದೆ ಪಂಪಿನ ಗ್ಲ್ಯಾಂಡ್ ಡೋರಿ, ಟ್ರ್ಯಾಕ್ಟರ್ ಹೈಡ್ರಾಲಿಕ್ಸ್, ಬೈಕ್, ಎಲ್ಲ ಕಡೆ ಕಥೆ ಅದೇ. ಐಡಿಯಲ್ ಮಾಡೆಲ್ ಬೇಡ ಅಂತ ನಾನು ಹೇಳ್ತಿಲ್ಲ. ಸೋರಿಕೆ ಇಲ್ಲ ಅಂತ ಭಾವಿಸದೆ ಮೊದಲ ಲೆಕ್ಕ ಮಾಡೋಕಾಗಲ್ಲ, ನನ್ನ 16 ಲೀಟರ್ ಕೂಡ ಐಡಿಯಲ್ ಲೆಕ್ಕವೇ. ಆದ್ರೆ ಅದರ ಪಕ್ಕದಲ್ಲಿ 9 ಇಟ್ಟು ನೋಡಿದಾಗ ಮಾತ್ರ ಅದಕ್ಕೆ ಅರ್ಥ ಬರೋದು. ನಾವು 16ಕ್ಕೇ ನಿಂತುಬಿಟ್ಟಿದ್ದೀವಿ.

ಆದ್ದರಿಂದ ಎರಡು ಬೇಡಿಕೆ. ಒಂದು, ನಮ್ಮ ಲ್ಯಾಬಿನಲ್ಲಿ ಒಂದೇ ಒಂದು ದಿನ ಹಳೆ ಸೈಕಲ್ ಪಂಪು, ಬೈಕ್ ಪಿಸ್ಟನ್, ಕೈಪಂಪಿನ ಸಿಲಿಂಡರ್ ಬಿಚ್ಚಿ ಸೀಲ್ ನೋಡೋ ಅವಕಾಶ ಇರಲಿ. ಪಾಠ ಮಾಡೋಕೆ ಒಬ್ಬ ಫಿಟ್ಟರ್ ಬರಲಿ. ಎರಡು, ಯಾದಗಿರಿ, ಶಹಾಪುರ, ಸುರಪುರ ಕಡೆಯವರು ನಾವು ಸುಮಾರು ಜನ ಇದ್ದೀವಿ. ರಜೆಗೆ ಊರಿಗೆ ಹೋದಾಗ ಬೋರಿಂಗ್ ಹತ್ತಿರ ಬಕೆಟ್ ಇಟ್ಟು 40 ಹೊಡೆತ ಎಣಿಸಿ. ನೀರು ಬರೋದೇ ತಡವಾದ್ರೆ ಕೆಳಗಿನ ವಾಲ್ವ್ ಅಥವಾ ಪೈಪ್ ಜಾಯಿಂಟ್ ನೋಡಬೇಕು. ಬಂದೂ ಹೊಡೆತಕ್ಕೆ ಕಮ್ಮಿ ಬಿದ್ರೆ ಮೊದಲ ಅನುಮಾನ ವಾಷರ್ ಮೇಲೆ. ಇಷ್ಟನ್ನ ಬರೆದು ಪಂಚಾಯ್ತಿಗೆ ಒಂದು ಅರ್ಜಿ ಕೊಡಿ. ಮಿನಿ ಪ್ರಾಜೆಕ್ಟ್‌ಗೆ ಇದಕ್ಕಿಂತ ಒಳ್ಳೆ ಡೇಟಾ ಬೇಕಾ?

ನಮ್ಮೂರಲ್ಲಿ ಅವತ್ತು ಹತ್ತು ಪೈಪು ಎತ್ತಿ ವಾಷರ್ ಹಾಕಿದೆವು, ನಾನೂ ಕೈ ಹಚ್ಚಿದೆ. ಸಂಜೆ ಮತ್ತೆ ಎಣಿಸಿದಾಗ 40ಕ್ಕೆ 15 ಲೀಟರ್ ಬಂತು. ಕಾಕಾ ಬೀಡಿ ಹಚ್ಚಿ, “ಪೂರಾ ಹದಿನಾರು ಯಾವಾಗೂ ಬರಲ್ಲ ತಮ್ಮಾ” ಅಂದರು. ಆಯಿ ನಡುವೆ ಎಲ್ಲೂ ನಿಲ್ಲದೆ ಕೊಡ ತುಂಬಿಸಿಕೊಂಡು ಹೋದಳು.