ಗ್ರಂಥಾವಲೋಕನ: ‘ಮೋಹನಸ್ವಾಮಿ’ಯ ಗುಣ-ದೋಷಗಳು

ಈ ತಿಂಗಳು ವಾಚಕರ ಮುಂದಿಡುತ್ತಿರುವ ಪುಸ್ತಕವು ರಾತ್ರಿಯ ಊಟವಾದ ಮೇಲೆ ಮನೆಮಂದಿಯೆಲ್ಲ ಕೂಡಿ ಕುಳಿತು ಓದಿಸಿ ಕೇಳುವಂಥದಲ್ಲ. ಆದರೆ ಮಗನಿಗೆ ಕನ್ಯೆ ನೋಡುತ್ತಿರುವ ತಂದೆ-ತಾಯಿಗಳು ಒಬ್ಬೊಬ್ಬರಾಗಿಯಾದರೂ ಇದನ್ನು ಓದತಕ್ಕದ್ದು. ವಸುಧೇಂದ್ರರ ‘ಮೋಹನಸ್ವಾಮಿ’ ಎಂಬ ಈ ಕಥಾಸಂಗ್ರಹವು 2013ರಲ್ಲಿ ಪ್ರಕಟವಾಯಿತು. ಗಂಡಸು ಗಂಡಸನ್ನೇ ಪ್ರೀತಿಸುವ ಸಂಗತಿಯು ಇದರ ವಸ್ತು. ಗ್ರಂಥಕರ್ತರು ಬಳ್ಳಾರಿ ಜಿಲ್ಲೆಯ ಸಂಡೂರಿನವರು. ಬಹುಕಾಲ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದು ಆಮೇಲೆ ಬರವಣಿಗೆಗೇ ನಿಂತವರು. ತಾವೂ ಅದೇ ಸ್ವಭಾವದವರೆಂಬದನ್ನು ಅವರು ಮರೆಮಾಚಿಲ್ಲ.

ಅಲಂಕಾರಶಾಸ್ತ್ರ ಓದಿದವರು ಮೊದಲು ಕೇಳುವ ಪ್ರಶ್ನೆಯೊಂದುಂಟು: ಇಲ್ಲಿಯದು ಶೃಂಗಾರರಸವೋ, ರಸಾಭಾಸವೋ? ಸಾಹಿತ್ಯದರ್ಪಣಕಾರನು ಯಾವ ಯಾವ ರತಿಯು ಆಭಾಸವೆಂಬದನ್ನು ಎಣಿಸಿ ಹೇಳಿದ್ದಾನೆ: ಗುರುಪತ್ನಿಯಲ್ಲಿ ಇಟ್ಟದ್ದು, ಹಲವು ನಾಯಕರ ಮೇಲಿನದು, ಒಬ್ಬರಲ್ಲಿ ಮಾತ್ರ ಇದ್ದು ಇನ್ನೊಬ್ಬರಲ್ಲಿ ಇಲ್ಲದ್ದು, ಪಶು-ಪಕ್ಷಿಗಳದು, ಹೀಗೆ. ಆ ಎಣಿಕೆಯಲ್ಲಿ ಇದರ ಹೆಸರಿಲ್ಲ. ಹೆಸರಿಲ್ಲದ ಮಾತ್ರಕ್ಕೆ ಒಪ್ಪಿದನೆಂದು ನಾನು ವಾದಿಸೆನು. ಆದರೆ ‘ಕಗ್ಗಂಟು’ ಎಂಬ ಕಥೆಯನ್ನು ಓದುವಾಗ ಈ ಪ್ರಶ್ನೆಯೇ ಹಿಂದೆ ಬೀಳುವದು. ಮೋಹನಸ್ವಾಮಿಯು ಕಾರ್ತಿಕನೆಂಬವನೊಡನೆ ಒಂದೇ ಮನೆಯಲ್ಲಿ ಸಂಸಾರ ಹೂಡಿದಂತೆಯೇ ಬಾಳಿದ್ದಾನೆ. ಆ ಕಾರ್ತಿಕನಿಗೆ ಮದುವೆ ನಿಶ್ಚಯವಾಗುವದು. ಊರಿಗೆಲ್ಲ ಸಂತೋಷದ ಸುದ್ದಿ. ಇವನಿಗೆ ಮಾತ್ರ ಯಾರ ಮುಂದೆಯೂ ಅಳಲಿಕ್ಕೆ ಬಾರದ ದುಃಖ. ಗಂಡ ಸತ್ತವಳನ್ನು ಸಂತೈಸಲು ನೆರೆಹೊರೆಯವರು ಬರುವರು. ಇವನ ಬಾಗಿಲಿಗೆ ಯಾರು ಬಂದಾರು?

ಇದೇ ಪುಸ್ತಕದ ಮುಖ್ಯ ಗುಣ. ಲೇಖಕರು ವಾದ ಹೂಡುವದಿಲ್ಲ. ಅಡಿಗೆಮನೆ, ಹಾಸಿಗೆ, ಸೈಕಲ್ಲು, ತಾಯಿಯ ಮಾತು, ಜೊತೆಯ ಹುಡುಗರ ಹಾಸ್ಯ ಇವುಗಳನ್ನೇ ಮುಂದಿಡುವರು. ‘ತಗಣಿ’ ಎಂಬ ಕಥೆಯಲ್ಲಿ ಹೆಣ್ಣಿನ ನಡೆ-ನುಡಿಯುಳ್ಳ ಶಂಕರಗೌಡನೆಂಬ ಹಳ್ಳಿಯ ಹುಡುಗನು ಬರುತ್ತಾನೆ. ಅವನ ಗತಿಯನ್ನು ಇಲ್ಲಿ ಹೇಳೆನು. ಕಥೆಯ ಹೆಸರೇ ಸಾಕಷ್ಟು ಹೇಳುವದು. ಮೂವತ್ತು ವರುಷಕ್ಕೂ ಮಿಕ್ಕಿ ಸಾಲಿಯಲ್ಲಿ ಕಲಿಸಿದವನಿಗೆ ಇಂಥ ಹುಡುಗರ ಮುಖಗಳು ಅಪರಿಚಿತವಲ್ಲ. ಪ್ರತಿಯೊಂದು ವರ್ಗದಲ್ಲಿಯೂ ಕೊನೆಯ ಸಾಲಿನಲ್ಲಿ ಒಬ್ಬನಿರುವನು, ಅವನಿಗೊಂದು ಅಡ್ಡಹೆಸರಿರುವದು, ಆಟದ ಗಂಟೆ ಬಾರಿಸಿದರೂ ಅವನು ಹೊರಗೆ ಹೋಗಲಾರನು.

ನಮ್ಮ ಸೀಮೆಯವರಿಗೆ ಈ ಸಂಬಂಧದಲ್ಲಿ ಒಂದು ಮಾತು ನೆನಪಿಗೆ ಬಾರದೆ ಇರದು. ಶಾಂತಕವಿಗಳು ಗದುಗಿನಲ್ಲಿ ನಾಟಕ ಮಂಡಳಿ ಕಟ್ಟಿದ ಕಾಲದಿಂದ ಬಹುದಿನಗಳವರೆಗೆ ನಮ್ಮ ರಂಗಭೂಮಿಯ ಮೇಲೆ ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸಿದರು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಆ ನಾಯಿಕೆಯರ ವಿರಹಕ್ಕೆ ಕಣ್ಣೀರಿಟ್ಟವರು ನಮ್ಮ ಹಿರಿಯರೇ. ನಮ್ಮ ಗದುಗಿನ ಕುಮಾರವ್ಯಾಸನ ಬೃಹನ್ನಳೆಯನ್ನು ಕೇಳಿ ನಗದವರಿಲ್ಲ, ಮೆಚ್ಚದವರೂ ಇಲ್ಲ. ವೇಷವು ಬೇರೆ, ಸ್ವಭಾವವು ಬೇರೆ ಎಂಬದು ನಿಜ. ಆದರೆ ರಂಗದ ಮೇಲೆ ಮೆಚ್ಚಿ ಚಪ್ಪಾಳೆ ತಟ್ಟಿದ ಕೈಯೇ ಸಾಲಿಯ ಅಂಗಳದಲ್ಲಿ ಮೆತ್ತಗೆ ನಡೆಯುವ ಹುಡುಗನ ಮೇಲೆ ಏಳುವದೇಕೆ?

ಇನ್ನು ದೋಷಗಳು. ಸಂಗ್ರಹದಲ್ಲಿ ಮೋಹನಸ್ವಾಮಿಯ ಕಥೆಗಳ ಜೊತೆಗೆ ಬೇರೆ ಕಥೆಗಳೂ ಸೇರಿರುವದರಿಂದ ಅಲ್ಲಲ್ಲಿ ಹೆಣಿಗೆ ಸಡಲಿದೆ. ನಾಯಕನ ಸಂಕಟವು ಕೆಲವೆಡೆ ಬೇಕಾದುದಕ್ಕಿಂತ ಹೆಚ್ಚು ಸಲ ಹೇಳಲ್ಪಟ್ಟಿದೆ. ಕರುಣರಸಕ್ಕೆ ಮಿತಿಯೇ ಒಡವೆ. ಇವು ಚಿಕ್ಕವು. ದೊಡ್ಡ ದೋಷವೆಂದರೆ ಕಾರ್ತಿಕನ ಕೈ ಹಿಡಿಯುವ ಹೆಣ್ಣುಮಗಳ ಮನಸ್ಸಿನೊಳಕ್ಕೆ ಕಥೆಯು ಇಳಿಯುವದಿಲ್ಲ. ಅರಿಷಿಣ ಹಚ್ಚಿಸಿಕೊಂಡು, ಅಕ್ಷತೆ ಬೀಳಿಸಿಕೊಂಡು, ಏನೂ ತಿಳಿಯದೆ ಬರುವವಳು ಅವಳೇ ಅಲ್ಲವೇ? ಮೋಹನಸ್ವಾಮಿಗೆ ಅಳಲು ಒಂದು ಪುಸ್ತಕವಾದರೂ ದೊರೆಯಿತು. ಅವಳಿಗೆ ಅದೂ ಇಲ್ಲ.

ದೂರದ ಫಿಲಿಪೈನ್ಸ್ ದ್ವೀಪಗಳಲ್ಲಿ ಇದೇ ವಸ್ತುವಿನ ಮೇಲೆ 2020ರಲ್ಲಿ ‘ಗೇಮ್‌ಬಾಯ್ಸ್’ ಎಂಬ ಧಾರಾವಾಹಿಯೊಂದು ಅಂತರ್ಜಾಲದಲ್ಲಿ ಬಂದಿತು. ಕೋವಿಡ್ ಬೇನೆಯಿಂದ ಎಲ್ಲರೂ ಮನೆಯೊಳಗೆ ಸಿಕ್ಕಿಬಿದ್ದ ದಿನಗಳವು. ಕೈರೋ, ಗ್ಯಾವ್ರಿಯೆಲ್ ಎಂಬ ಇಬ್ಬರು ಹುಡುಗರು ಫೋನು-ಕಂಪ್ಯೂಟರುಗಳ ಪರದೆಯಲ್ಲಿಯೇ ಒಬ್ಬರನ್ನೊಬ್ಬರು ಕಂಡು ಮೆಚ್ಚುವರು. ನಮ್ಮವರು ವಿಪ್ರಲಂಭವೆಂದು ಕರೆದದ್ದಕ್ಕೆ ಇದಕ್ಕಿಂತ ಒಳ್ಳೆಯ ಹೊಸ ಸನ್ನಿವೇಶ ಸಿಕ್ಕದು. ಕೈರೋನ ತಂದೆ ಬೇನೆ ಬಿದ್ದಾಗ ಆಟವು ಆಟವಾಗಿ ಉಳಿಯುವದಿಲ್ಲ. ನಲಿವು ಅಲ್ಲಿ ಧಾರಾಳ. ನಮ್ಮ ಪುಸ್ತಕದಲ್ಲಿ ಅದು ಅಪರೂಪ. ಆದರೆ ಅಲ್ಲಿಯ ಚೆಲುವರಾದ ಹುಡುಗರಿಗೆ ಹೊಟ್ಟೆಪಾಡಿನ ಚಿಂತೆ, ಬಂಧುಗಳ ಒತ್ತಾಯ ಇವು ತೀರ ತೆಳುವಾಗಿ ತಾಕುವವು. ನಮ್ಮ ಮೋಹನಸ್ವಾಮಿಯ ಹೆಗಲ ಮೇಲೆ ಇಡೀ ಕುಲವೇ ಕುಳಿತಿದೆ.

ಈ ಪುಸ್ತಕವು ಹೊರಬಂದ 2013ರಲ್ಲಿಯೇ, ಡಿಸೆಂಬರ 11ರಂದು, ಸುಪ್ರೀಮ್ ಕೋರ್ಟು 377ನೆಯ ಕಲಮನ್ನು ಎತ್ತಿಹಿಡಿದು ಇಂಥವರ ಕೂಡಾಟವು ಅಪರಾಧವೆಂದಿತು. 2018ರ ಸಪ್ಟೆಂಬರ 6ರಂದು ಅದೇ ಕೋರ್ಟು ಪ್ರಾಪ್ತವಯಸ್ಕರು ಒಪ್ಪಿ ನಡೆದುಕೊಳ್ಳುವದು ಅಪರಾಧವಲ್ಲವೆಂದು ತೀರ್ಪಿತ್ತಿತು. ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿಯೂ ಕೊಡಲಿಲ್ಲ. ಆದರೆ ಕೋರ್ಟಿನ ತೀರ್ಪು ಜಾತಕ ಹಿಡಿದು ತಿರುಗುವ ಸೋದರಮಾವನ ಕಿವಿಗೆ ಬೀಳುವದು ತಡ. ‘ಮದುವೆಯಾದರೆ ಎಲ್ಲಾ ಸರಿಹೋಗುವದು’ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಕುಡಿತಕ್ಕೂ ಹುಚ್ಚಿಗೂ ಸೋಮಾರಿತನಕ್ಕೂ ಒಂದೇ ಔಷಧವೆಂಬಂತೆ ಆಡುವರು. ಈ ಔಷಧವನ್ನು ಕುಡಿಯುವವರು ಇಬ್ಬರು. ಅವರಲ್ಲಿ ಒಬ್ಬಳನ್ನು ಯಾರೂ ಕೇಳಿರುವದಿಲ್ಲ. ‘ಕಗ್ಗಂಟ’ನ್ನು ಓದಿದ ತಾಯಿಯೊಬ್ಬಳು ಮಗನು ಕನ್ಯೆಯರನ್ನು ಒಲ್ಲೆನೆಂದಾಗ ಮತ್ತೊಂದು ಫೋಟೋ ತೋರಿಸುವ ಮುಂಚೆ, ಬಾಗಿಲು ಹಾಕಿಕೊಂಡು, ‘ಯಾಕಪ್ಪಾ?’ ಎಂದು ಒಮ್ಮೆ ಕೇಳಿಯಾಳು.

ಪರದೇಶದಲ್ಲಿ ಬೆಳೆದು ಕನ್ನಡ ಓದಲು ಬಾರದ ಮಕ್ಕಳುಳ್ಳವರಿಗೆ ಒಂದು ಸೂಚನೆ: ರಶ್ಮಿ ತೇರದಾಳ ಅವರು ಮಾಡಿದ ಇದರ ಇಂಗ್ಲಿಷ್ ಅನುವಾದವು 2016ರಲ್ಲಿ ಹೊರಬಂದಿದೆ.