ಯಕೃತ್ತಿನ ಚಿತ್ರವೂ ಯಕೃತ್ತೂ

ಯಕೃತ್ತಿನ ಏಡಿಗಂತಿಯನ್ನು ಕತ್ತರಿಸಿ ತೆಗೆಯುವ ಶಸ್ತ್ರವೈದ್ಯರಿಗೆ ಗಣಕಯಂತ್ರವು ದಾರಿ ತೋರಿಸುವುದೆಂಬ ಮಾತು ಈಚೆಗೆ ಆಗಾಗ ಕಿವಿಗೆ ಬೀಳುತ್ತಿದೆ. ತೆರೆಯ ಮೇಲೆ ನೀಲಿ ಕೆಂಪು ರಕ್ತನಾಳಗಳ ನಡುವೆ ಹಳದಿಯ ಗೋಲಿಯಂತೆ ಹೊಳೆಯುವ ಗಂತಿಯನ್ನು ಕಂಡವರಿಗೆ, ಇನ್ನು ಕತ್ತಿಯನ್ನು ಆ ಗೋಲಿಯೆಡೆಗೆ ಒಯ್ಯುವುದಷ್ಟೇ ಉಳಿದ ಕೆಲಸವೆಂದು ತೋರಿದರೆ ಆಶ್ಚರ್ಯವಿಲ್ಲ. ಯಂತ್ರದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಾನು ಎಲ್ಲಿ ನಿಶ್ಚಿತ, ಎಲ್ಲಿ ಸಂದಿಗ್ಧ ಎಂಬುದನ್ನು ಆ ಚಿತ್ರವೇ ಹೇಳಬೇಕು. ಹೇಳದ ಚಿತ್ರವು ಎಷ್ಟೇ ಸುಂದರವಾಗಿದ್ದರೂ ರೋಗಿಗೆ ಅಪಾಯಕರವೆಂಬುದು ನನ್ನ ಅಭಿಪ್ರಾಯ.

ಪಠ್ಯಪುಸ್ತಕಗಳಲ್ಲಿ ಪಿತ್ತಜನಕಾಂಗವೆಂದು ನೀವು ಓದಿರುವ ಈ ಅವಯವವು ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುವುದು. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರು ರಕ್ತ ಅದರ ಮೂಲಕ ಹರಿಯುವುದು. ಆದುದರಿಂದ ಅಲ್ಲಿ ತಪ್ಪುನಾಳವೊಂದನ್ನು ಕತ್ತರಿಸುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಹೊರಗಿನಿಂದ ನೋಡಿದರೆ ಅದು ನುಣುಪಾದ ಕಂದುಗೆಂಪು ಮುದ್ದೆ. ಯಾವ ಭಾಗ ಎಲ್ಲಿ ಮುಗಿಯಿತೆಂಬ ಗುರುತು ಹೆಚ್ಚಾಗಿ ಕಾಣುವುದಿಲ್ಲ. ಒಳಗಾದರೋ, ಕರುಳಿನಿಂದ ರಕ್ತ ತರುವ ಪೋರ್ಟಲ್ ಅಭಿಧಮನಿ, ಯಕೃತ್ತಿನ ಅಪಧಮನಿ, ಪಿತ್ತನಾಳ, ರಕ್ತವನ್ನು ಹೊರಕ್ಕೊಯ್ಯುವ ಅಭಿಧಮನಿಗಳು, ಇವೆಲ್ಲವೂ ಒಂದರ ಕೊಂಬೆಗಳೊಳಗೆ ಇನ್ನೊಂದರ ಕೊಂಬೆಗಳು ಹೆಣೆದುಕೊಂಡ ಮರಗಳಂತೆ ಹರಡಿವೆ. ಫ್ರಾನ್ಸಿನ ಕ್ಲೋದ್ ಕ್ವಿನೋ ಅವರು ಶವಗಳ ಯಕೃತ್ತಿನ ನಾಳಗಳಿಗೆ ಪ್ಲಾಸ್ಟಿಕ್ ದ್ರವವನ್ನು ತುಂಬಿ, ಅದು ಗಟ್ಟಿಯಾದ ಮೇಲೆ ಸುತ್ತಣ ಮಾಂಸವನ್ನು ಕರಗಿಸಿ, ಉಳಿದ ಎರಕವನ್ನು ಅಭ್ಯಾಸಮಾಡಿದರು. ಪ್ರತಿಯೊಂದಕ್ಕೂ ತನ್ನದೇ ಆದ ರಕ್ತದ ಕೊಂಬೆಯುಳ್ಳ ಎಂಟು ಖಂಡಗಳು ಯಕೃತ್ತಿನಲ್ಲಿವೆಯೆಂದು ೧೯೫೭ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ನೆರೆಯ ಖಂಡಕ್ಕೆ ಕೇಡಾಗದಂತೆ ಒಂದು ಖಂಡವನ್ನು ತೆಗೆಯಬಹುದೆಂಬ ಇಂದಿನ ಶಸ್ತ್ರಕ್ರಿಯೆಗೆ ಈ ಎರಕಗಳೇ ಆಧಾರ.

ಆದರೆ ಇದು ಸಾಮಾನ್ಯ ಮನುಷ್ಯನ ನಕ್ಷೆ. ಕೊಂಬೆಗಳು ಒಡೆಯುವ ರೀತಿ ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುವುದರಿಂದ, ಮೇಜಿನ ಮೇಲೆ ಮಲಗಿರುವ ಈ ರೋಗಿಯ ನಕ್ಷೆಯೇ ಬೇಕಾಗುವುದು. ಹೌನ್ಸ್‌ಫೀಲ್ಡರ ಯಂತ್ರವು ೧೯೭೧ರಲ್ಲಿ ಮೊದಲ ರೋಗಿಯ ತಲೆಯನ್ನು ಪದರಪದರವಾಗಿ ಕ್ಷ-ಕಿರಣಗಳಿಂದ ಚಿತ್ರಿಸಿದ ಮೇಲೆ ಇದಕ್ಕೆ ದಾರಿಯಾಯಿತು. ಇಂತಹ ನೂರಾರು ಪದರಗಳಿಂದ ನಾಳಗಳನ್ನು ಹೆಕ್ಕಿ ಮರವನ್ನಾಗಿ ಕಟ್ಟುವ ಕೆಲಸ ಗಣಕಯಂತ್ರದ್ದು. ಜರ್ಮನಿಯ ಬ್ರೆಮೆನ್ ನಗರದಲ್ಲಿ ೧೯೯೫ರಲ್ಲಿ ಇದಕ್ಕಾಗಿ ಸಂಸ್ಥೆಯನ್ನು ತೆರೆದ ಹೈನ್ಸ್-ಓಟೋ ಪೈಟ್ಗೆನ್ ಅವರು ವೈದ್ಯರಲ್ಲ. ಕೊಂಬೆಯೊಳಗೆ ಕೊಂಬೆಯೊಡೆಯುವ ಫ್ರಾಕ್ಟಲ್ ಆಕೃತಿಗಳಲ್ಲಿ ಹೆಸರಾದ ಗಣಿತಜ್ಞರು! ನಿರುಪಯೋಗಿಯೆಂದು ಕೆಲವರು ನಗುವ ಗಣಿತ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಶಸ್ತ್ರಕ್ರಿಯೆಗೆ ಮುಂಚೆ ಈ ನಕ್ಷೆ ಹೇಳುವ ಲೆಕ್ಕದಲ್ಲಿ ನನಗೆ ಹೆಚ್ಚಿನ ಸಂಶಯವಿಲ್ಲ. ಎಷ್ಟು ಕತ್ತರಿಸಬೇಕೆಂಬುದಕ್ಕಿಂತ ಎಷ್ಟು ಉಳಿಯುವುದೆಂಬುದೇ ಇಲ್ಲಿ ಮುಖ್ಯ. ಯಕೃತ್ತು ಮರಳಿ ಬೆಳೆಯಬಲ್ಲುದು, ಆದರೆ ಬೆಳೆಯುವವರೆಗೆ ರೋಗಿ ಬದುಕಿರಬೇಕಷ್ಟೆ. ಆರೋಗ್ಯವಾದ ಯಕೃತ್ತಾದರೆ ಶೇಕಡಾ ೨೦-೨೫, ದೀರ್ಘಕಾಲದ ಔಷಧಗಳಿಂದ ಬಳಲಿದ್ದರೆ ೩೦, ಸಿರೋಸಿಸ್ಸಿನಿಂದ ಗಡುಸಾಗಿದ್ದರೆ ೪೦ರಷ್ಟಾದರೂ ಉಳಿಯಬೇಕೆಂದು ವೈದ್ಯರು ಎಣಿಸುವರು. ಸಾಲದೆಂದು ಕಂಡುಬಂದರೆ, ರೋಗವಿರುವ ಪಾರ್ಶ್ವದ ಪೋರ್ಟಲ್ ಕೊಂಬೆಯನ್ನು ಮುಂಚಿತವಾಗಿ ಮುಚ್ಚಿ, ಕೆಲವು ವಾರ ಕಾದು, ಇನ್ನೊಂದು ಪಾರ್ಶ್ವವನ್ನು ಬೆಳೆಯಿಸುವುದುಂಟು.

ತೊಡಕು ಹೊಟ್ಟೆಯನ್ನು ತೆರೆದ ಮೇಲೆ ಮೊದಲಾಗುವುದು. ಮಿದುಳಿಗೆ ತಲೆಬುರುಡೆಯ ಗಟ್ಟಿ ಪೆಟ್ಟಿಗೆಯುಂಟು, ಯಕೃತ್ತಿಗೆ ಅದಿಲ್ಲ. ಅದು ವಪೆಯ ಕೆಳಗೆ ತೂಗಿಕೊಂಡು, ಒಂದೊಂದು ಉಸಿರಿಗೂ ಸರಿಯುವುದು. ಅದನ್ನು ಹಿಡಿದಿರುವ ಕಟ್ಟುಗಳನ್ನು ಬಿಡಿಸಿ ಹೊರಳಿಸಿದರೆ ಆಕಾರವೇ ಬದಲಾಗುವುದು. ಸಣ್ಣ ರಂಧ್ರಗಳ ಮೂಲಕ ನಡೆಯುವ ಶಸ್ತ್ರಕ್ರಿಯೆಯಲ್ಲಿ ಹೊಟ್ಟೆಗೆ ತುಂಬಿದ ಅನಿಲವು ಅದನ್ನು ಒತ್ತುವುದು. ನಕ್ಷೆಯಾದರೋ ಹಲವು ದಿನಗಳ ಹಿಂದಿನದು. ಕಡ್ಡಿಯಂತಹ ಸಾಧನವನ್ನು ಯಕೃತ್ತಿನ ಮೇಲೆ ಆಡಿಸಿ, ಅಥವಾ ಲೇಸರ್ ಬೆಳಕಿನಿಂದ ಅಳೆದು, ಹೊರಮೈಯನ್ನು ನಕ್ಷೆಯ ಹೊರಮೈಯೊಡನೆ ಹೊಂದಿಸುವರು. ಮುದುಡಿದ ಪಂಚೆಯ ಅಂಚುಗಳನ್ನು ಸರಿಹೊಂದಿಸಿದ ಮಾತ್ರಕ್ಕೆ ನಡುವಣ ಚುಕ್ಕೆಗಳು ಸರಿಹೊಂದುವವೆ? ಹೊರಮೈಯಲ್ಲಿ ಉಳಿದ ವ್ಯತ್ಯಾಸ ಇಷ್ಟೇ ಮಿಲಿಮೀಟರು ಎಂದು ಯಂತ್ರ ತೋರಿಸುವ ಅಂಕಿಯು ಆಳದಲ್ಲಿರುವ ಗಂತಿಯ ಸ್ಥಾನದ ತಪ್ಪನ್ನು ಹೇಳುವುದಿಲ್ಲ. ಅಮೆರಿಕದ ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾನಿಲಯದ ಸಂಶೋಧಕರು ಸ್ಥಿತಿಸ್ಥಾಪಕತ್ವದ ಸಮೀಕರಣಗಳಿಂದ ಒಳಗಿನ ಬಾಗುವಿಕೆಯನ್ನು ಊಹಿಸಲು ವರ್ಷಗಳಿಂದ ದುಡಿಯುತ್ತಿರುವರು. ಗಣಿತವನ್ನು ಆರಿಸಿಕೊಂಡ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಸಮಸ್ಯೆ ಅಪರೂಪ.

ಹಾಗಾದರೆ ಈಗಿರುವ ಯಕೃತ್ತನ್ನು ಈಗಲೇ ನೋಡುವ ಉಪಾಯವಿಲ್ಲವೆ? ಉಂಟು. ಜಪಾನಿನ ಮಸಾತೋಶಿ ಮಾಕೂಚಿ ಅವರು ೧೯೮೦ರ ದಶಕದಲ್ಲಿ ಅಲ್ಟ್ರಾಸೌಂಡ್ ಸಾಧನವನ್ನು ತೆರೆದ ಯಕೃತ್ತಿನ ಮೇಲೆಯೇ ಇಟ್ಟು ಖಂಡಗಳನ್ನು ಗುರುತಿಸಿ ಕತ್ತರಿಸುವ ಕ್ರಮವನ್ನು ಬೆಳೆಸಿದರು. ಅದರ ಚಿತ್ರ ಮಂಕು, ಓದಲು ಪಳಗಿದ ಕಣ್ಣು ಬೇಕು. ಆದರೂ ಅದು ಆ ಕ್ಷಣದ ಚಿತ್ರ. ಹೊಳೆಯುವ ತೆರೆಗೂ ಈ ಮಂಕು ಚಿತ್ರಕ್ಕೂ ಭೇದ ಕಂಡಾಗ ನಾನಾದರೆ ಮಂಕು ಚಿತ್ರವನ್ನೇ ನಂಬುವೆನು.

ಆದರೆ ಅಲ್ಟ್ರಾಸೌಂಡಿಗೂ ಏನೂ ಕಾಣದ ಸಂದರ್ಭವುಂಟು. ದೊಡ್ಡ ಕರುಳಿನಿಂದ ಯಕೃತ್ತಿಗೆ ಹರಡಿದ ಗಂತಿಗಳು ಔಷಧಗಳಿಂದ ಕುಗ್ಗಿ ಕಣ್ಮರೆಯಾಗುವುವು. ವಾಸಿಯಾಯಿತೆಂದು ಹಿಗ್ಗಬೇಕೆ? ಫ್ರಾನ್ಸಿನ ಶಸ್ತ್ರವೈದ್ಯರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಕ್ಯಾನ್ ಚಿತ್ರಗಳಿಂದ ಮರೆಯಾದ ೬೬ ಗಂತಿಗಳ ಪೈಕಿ ೫೫ರ ಸ್ಥಳದಲ್ಲಿ ರೋಗ ಇನ್ನೂ ಉಳಿದಿತ್ತು, ಇಲ್ಲವೆ ಬೇಗನೆ ಮರುಕಳಿಸಿತು. ಇಂತಹ ಗಂತಿ ಎಲ್ಲಿತ್ತೆಂಬುದನ್ನು ಬಲ್ಲುದು ಹಳೆಯ ಚಿತ್ರವೊಂದೇ. ಗಣಕಯಂತ್ರದ ನೆರವು ಅತ್ಯಂತ ಅವಶ್ಯವಾದ ಎಡೆ ಇದು. ಅದು ತಪ್ಪಿದರೆ ತಪ್ಪೆಂದು ತಿಳಿಸುವ ಬೇರೆ ಸಾಕ್ಷಿ ಇಲ್ಲದ ಎಡೆಯೂ ಇದೇ. ಇಲ್ಲಿ ಗೆರೆಕೊರೆದಂತಹ ಹಳದಿ ಗೋಲಿಯನ್ನು ತೋರಿಸುವುದು ವೈದ್ಯರನ್ನು ಮೋಸಗೊಳಿಸಿದಂತೆಯೇ ಸರಿ. ಗೋಲಿಯ ಸುತ್ತ ಸಂದೇಹವಿರುವಷ್ಟು ಅಗಲಕ್ಕೆ ಮಬ್ಬನ್ನು ಬರೆಯಲಿ. ಕತ್ತಿಯನ್ನು ಎಷ್ಟು ದೂರದಲ್ಲಿ ಒಯ್ಯಬೇಕೆಂದು ವೈದ್ಯರು ನಿರ್ಧರಿಸುವರು. ಮಬ್ಬುಚಿತ್ರದ ಯಂತ್ರವನ್ನು ಯಾರೂ ಕೊಳ್ಳುವುದಿಲ್ಲವೆಂಬ ಆಕ್ಷೇಪಣೆ ವ್ಯಾಪಾರದ್ದು, ವಿಜ್ಞಾನದ್ದಲ್ಲ.

ಇದಕ್ಕೆ ಬಹು ಸರಳವಾದ ಇನ್ನೊಂದು ಉಪಾಯವನ್ನೂ ಕೆಲವು ವೈದ್ಯರು ಕೈಗೊಂಡಿರುವರು. ಮರೆಯಾಗಬಹುದಾದ ಸಣ್ಣ ಗಂತಿಯ ಪಕ್ಕದಲ್ಲಿ, ಔಷಧವನ್ನು ಆರಂಭಿಸುವ ಮುಂಚೆಯೇ, ಸೂಜಿಯ ಮೂಲಕ ಲೋಹದ ಚಿಕ್ಕದೊಂದು ಸುರುಳಿಯನ್ನು ಇಟ್ಟುಬಿಡುವರು. ತಿಂಗಳುಗಳು ಕಳೆದು ಗಂತಿ ಕಾಣದಂತಾದರೂ ಸುರುಳಿ ಅಲ್ಟ್ರಾಸೌಂಡಿಗೆ ಕಾಣುವುದು. ಯಕೃತ್ತು ಯಾವ ಕಡೆಗೆ ವಾಲಿದರೂ ಅದರೊಡನೆಯೇ ವಾಲುವುದು.